ಶೇಂದಿ ಅಂಗಡಿಯೊಳಗೆ ನೀಲವ್ವ ಹೂಡಿದ ಒಲೆ

ಗಂಡಸರು ಸಾಲಾಗಿ ಕೂತದ್ದನ್ನು ಕಂಡರೆ ಈ ವಯಸ್ಸಿನಲ್ಲೂ ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ತಲೆಯ ಮೇಲಿನದನ್ನು ಇನ್ನಷ್ಟು ಮುಂದಕ್ಕೆಳೆದು ಬಾಯಿ ಮುಚ್ಚಿಕೊಳ್ಳುತ್ತೇನೆ. ನೋಡಿದವರು, ‘ಹಳೇ ಕಾಲದ ಮಂದಿ, ಎಷ್ಟು ಮರ್ಯಾದಿ ನೋಡ್ರಿ’ ಎನ್ನುತ್ತಾರೆ. ಅಂದುಕೊಳ್ಳಲಿ ಬಿಡಿ. ನಾನು ಸೆರಗಿನೊಳಗೆ ನಗುತ್ತಿರುತ್ತೇನೆ ಎಂಬುದು ಅವರಿಗೇನು ಗೊತ್ತು?

ಮೊನ್ನೆ ಮಗಳ ಊರಿಗೆ ಹೋದಾಗಲೂ ಹೀಗೇ ಆಯಿತು. ಅವರ ಬಡಾವಣೆಯವರು ಸೇರಿ ಒಂದು ದೊಡ್ಡ ಕೋಣೆ ಕಟ್ಟಿಸಿದ್ದರು. ಹೊಸ ಸುಣ್ಣ, ಹೊಸ ಕುರ್ಚಿ, ಗೋಡೆಗೊಂದು ಗಡಿಯಾರ. ಅಧ್ಯಕ್ಷರಂತೆ ಯಾರೋ ಒಬ್ಬರು ಎದ್ದು ನಿಂತು, ‘ಜನ ನಾಲ್ಕು ಮಾತಾಡಲಿಕ್ಕೆ ಒಂದು ಜಾಗ ಬೇಕಾಗಿತ್ತು’ ಎಂದು ಬಹಳ ಹೊತ್ತು ಮಾತಾಡಿದರು. ಜನವೆಲ್ಲ ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿತ್ತು. ಜನವಲ್ಲದವರು ಹಿಂದಿನ ಕೋಣೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದರು. ನಾನು ಸೆರಗೆಳೆದುಕೊಂಡೆ. ‘ಅವ್ವಾ, ಏನಾತು?’ ಎಂದಳು ಮಗಳು. ‘ನಿಮ್ಮೂರಿನ ಗಾಳಿ ಛಲೋ ಇಲ್ಲ, ಕೆಮ್ಮು ಬಂತು’ ಎಂದೆ.

ನನಗೆ ನೆನಪಾದದ್ದು ನೀಲವ್ವ.

ಆದರೆ ನೀಲವ್ವನಿಗಿಂತ ಮೊದಲು ನಮ್ಮ ಓಣಿಯ ಬಗ್ಗೆ ಹೇಳಬೇಕು. ನನ್ನ ತವರು ಹಿರೇಬೆಂಡಿಗೇರಿ. ಜೋಳ, ಹತ್ತಿ, ಎಮ್ಮೆ, ಎಮ್ಮೆಗಿಂತ ಹಟಮಾರಿಯಾದ ಅಣ್ಣಂದಿರು. ನನ್ನನ್ನು ಶಿಗ್ಗಾಂವಿಗೆ ಕೊಟ್ಟಾಗ ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ, ‘ಮಗಳನ್ನ ಪ್ಯಾಟಿಗೆ ಕೊಟ್ಟೇನಿ’ ಎಂದು. ನಾನೂ ಬಾವಿಯ ಹತ್ತಿರ ಗೆಳತಿಯರ ಮುಂದೆ ಮೂಗು ಮೇಲೆ ಮಾಡಿಕೊಂಡು ನಾಲ್ಕು ದಿನ ಓಡಾಡಿದೆ. ಬಂದು ನೋಡಿದರೆ ಗಂಡನ ಮನೆ ಊರ ಅಗಸಿ ಬಾಗಿಲಿನಿಂದ ಆಚೆಗಿತ್ತು. ಸವಣೂರಿಗೆ ಹೋಗುವ ಚಕ್ಕಡಿ ದಾರಿಯ ಎರಡೂ ಬದಿಗೆ ಹದಿನೈದಿಪ್ಪತ್ತು ಮನೆ, ಮಳೆ ಬಂದರೆ ಮೊಣಕಾಲುದ್ದ ಎರೆಮಣ್ಣಿನ ರಾಡಿ. ಇದಕ್ಕೆ ‘ಹೊಸಪ್ಯಾಟಿ’ ಎಂದು ಹೆಸರು. ಊರೊಳಗಿನವರು ನಮ್ಮನ್ನು ಹಳ್ಳಿಯವರೆಂದು ತಿಳಿಯುತ್ತಿದ್ದರು, ಹಳ್ಳಿಯವರು ಪೇಟೆಯವರೆಂದು. ಮಾವನವರ ಕಿರಾಣಿ ಅಂಗಡಿ ದಾರಿಗೆ ಹಚ್ಚಿಯೇ ಇತ್ತು. ಅಂಗಡಿಯ ಹಿಂದೆ ಮನೆ. ಅಂಗಡಿಗೂ ಮನೆಗೂ ನಡುವಿನ ಕೋಣೆಯಲ್ಲಿ ಶೇಂಗಾದ ಚೀಲಗಳು, ಅದಕ್ಕೆ ದಾರಿ ಕಾಣುವ ಒಂದು ಕಿಟಕಿ. ನನ್ನ ಪ್ರಪಂಚಜ್ಞಾನವೆಲ್ಲ ಆ ಕಿಟಕಿಯಿಂದಲೇ ಬಂದದ್ದು. ಶೇಂಗಾ ಆರಿಸುತ್ತೇನೆಂದು ಕೂತು ನಾನು ಆರಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು, ತಿಂದದ್ದಕ್ಕಿಂತ ಕೇಳಿಸಿಕೊಂಡದ್ದು ಇನ್ನೂ ಹೆಚ್ಚು.

ಅಷ್ಟು ಸಣ್ಣ ಓಣಿಗೆ ಗಂಡಸರು ಕೂಡುವ ಜಾಗ ಮೂರಿದ್ದವು. ಎಡಕ್ಕೆ ಬೇವಿನ ಗಿಡದ ಕಟ್ಟೆ. ಅದು ಹಿರಿಯರದು. ಬೆಳಗಿನ ಬಿಸಿಲು ಏರುವ ತನಕ ಅಲ್ಲಿ ಸವಣೂರಿನ ಎಲೆ ಮಡಚಿ ಬಾಯಿಗಿಟ್ಟುಕೊಂಡು ನ್ಯಾಯ, ನೀತಿ, ಧರ್ಮ ಎಲ್ಲವನ್ನೂ ಅಗಿದು ಉಗುಳುತ್ತಿದ್ದರು. ಕಟ್ಟೆಯ ಸುತ್ತ ನೆಲವೆಲ್ಲ ಕೆಂಪು. ಮಧ್ಯದಲ್ಲಿ ಚಹಾದಂಗಡಿ. ಅದು ಬಂದಾಗ ನಮ್ಮತ್ತೆ, ಈ ಕಂದು ನೀರಿನಿಂದ ಓಣಿ ಹಾಳಾಗುತ್ತದೆ ಎಂದು ಅತ್ತಿದ್ದರಂತೆ. ಮಧ್ಯಾಹ್ನ ಅಲ್ಲಿ ಒಬ್ಬರು ವರ್ತಮಾನ ಪತ್ರಿಕೆ ಓದುವುದು, ಉಳಿದವರು ಯುದ್ಧ ನಡೆಸುವುದು. ಜರ್ಮನಿ ಎಲ್ಲಿದೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹುಬ್ಬಳ್ಳಿ ದಾಟಿದ ಮೇಲೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ‘ನಮ್ಮವರು ಹಿಂದಿನಿಂದ ಹೋಗಿ ಹಿಡೀಬೇಕ್ರಿ’ ಎಂದು ನಮ್ಮ ಯಜಮಾನರು ಬೆಂಚಿನ ಮೇಲೆ ಬಸಿ ಕಪ್ಪು ಜರುಗಿಸಿ ದಂಡು ನಿಲ್ಲಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಇಲಿ ಬಂದರೆ ನನ್ನನ್ನು ಕರೆಯುತ್ತಿದ್ದ ಮನುಷ್ಯ.

ಮೂರನೆಯದು, ನಮ್ಮ ಅಂಗಡಿಯ ನೇರ ಎದುರಿಗೆ, ಶೇಂದಿ ಅಂಗಡಿ. ಹಳ್ಳದ ದಂಡೆಯ ಈಚಲು ಗಿಡಗಳಿಂದ ಇಳಿಸಿದ ಶೇಂದಿ ಗಡಿಗೆಗಳಲ್ಲಿ ಬರುತ್ತಿತ್ತು. ದಾರಿಯ ಬದಿಗೆ ಗೋಡೆ ಇರಲಿಲ್ಲ, ಬಿದಿರಿನ ತಟ್ಟಿ, ಅದೂ ಹರಿದದ್ದು. ಒಳಗೆ ಮಣ್ಣಿನ ಜಗಲಿ, ಹುಳಿ ವಾಸನೆ, ನೊಣ, ಚುರಮರಿ, ಸುಟ್ಟ ಮೆಣಸಿನಕಾಯಿ. ಒಳಕ್ಕೆ ಹೋಗಲು ಒಂದು ಕತ್ತಲೆಯ ಸಂದಿ ದಾಟಬೇಕು. ಆ ಸಂದಿಯ ನಡುವೆ ಯಾವ ಪುಣ್ಯಾತ್ಮನೋ ತಗ್ಗಾಗಿ ಅಡ್ಡತೊಲೆ ಇಟ್ಟಿದ್ದ. ಹೊಸದಾಗಿ ಬಂದವನ ಹಣೆ ಅದಕ್ಕೆ ಬಡಿಯಲೇಬೇಕು. ‘ಧಡ್’ ಎಂದರೆ ಒಳಗಿನವರೆಲ್ಲ ‘ಹೊಸಬ ಬಂದ!’ ಎಂದು ಕೂಗಿ ನಗುತ್ತಿದ್ದರು. ದಿನಾ ಬರುವವರಿಗೆ ಎಲ್ಲಿ ಬಗ್ಗಬೇಕೆಂದು ಕಾಲಿಗೇ ಗೊತ್ತಿರುತ್ತಿತ್ತು.

ಮೂರು ಜಾಗ ಎಂದೆನಲ್ಲ, ಮಂದಿ ಮಾತ್ರ ಒಂದೇ. ಬೆಳಿಗ್ಗೆ ಕಟ್ಟೆಯ ಮೇಲೆ ಕುಡಿತದ ಕೇಡನ್ನು ಹೇಳಿದವರು ಮಧ್ಯಾಹ್ನ ಚಹಾ ಕುಡಿದು ದೇಶ ಆಳಿ ಸಂಜೆಗೆ ತಟ್ಟಿಯ ಹಿಂದೆ ಸೇರುತ್ತಿದ್ದರು. ಇಷ್ಟೆಲ್ಲ ಕೂತು ಕೂತು ಅವರಿಗೆ ಸೊಂಟ ನೋವು ಬರುತ್ತಿತ್ತು. ರಾತ್ರಿ ಬಿಸಿ ಎಣ್ಣೆ ಹಚ್ಚಲು ನಾವಿದ್ದೆವು. ಹೆಂಗಸರಿಗೆ ಇದ್ದದ್ದು ಬಾವಿ ಒಂದೇ. ಅಲ್ಲಿಯೂ ನಾವೇನು ವೇದಾಂತ ಮಾತಾಡುತ್ತಿರಲಿಲ್ಲ, ಇವರನ್ನೇ ಆಡಿಕೊಳ್ಳುತ್ತಿದ್ದೆವು. ಆದರೆ ಕೊಡ ತುಂಬಿದ ಕೂಡಲೇ ಸಭೆ ಮುಗಿಯುತ್ತಿತ್ತು.

ನೀಲವ್ವ ನಮ್ಮ ಪಕ್ಕದ ಮನೆಯವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಎತ್ತರದ ಆಳು, ಕಡಿಮೆ ಮಾತು. ಅವಳ ಗಂಡ ಕಲ್ಲಪ್ಪ ಚಕ್ಕಡಿ ಹೊಡೆಯುತ್ತಿದ್ದ. ಸವಣೂರಿನ ತೋಟಗಳಿಂದ ವೀಳ್ಯದೆಲೆಯ ಪೆಂಡಿಗಳನ್ನು ಹೇರಿಕೊಂಡು ಹೋಗಿ ಠೇಶನ್ನಿಗೆ ಮುಟ್ಟಿಸುವುದು ಅವನ ಕೆಲಸ. ಎಲೆ ಬಾಡಬಾರದೆಂದು ದಾರಿಯುದ್ದಕ್ಕೂ ನೀರು ಚಿಮುಕಿಸಿಕೊಂಡು, ತಾಯಿ ಕೂಸನ್ನು ನೋಡುವ ಹಾಗೆ ನೋಡಿಕೊಂಡು ಹೋಗುತ್ತಿದ್ದನಂತೆ. ಆ ಎಲೆಗಳಿಗೆ ಸಿಕ್ಕ ಭಾಗ್ಯ ಹೆಂಡತಿಗೂ ಮಗಳು ಗೌರಿಗೂ ಸಿಗಲಿಲ್ಲ. ಸಂಜೆ ಬಂಡಿ ತಿರುಗಿ ಬಂದರೆ ಎತ್ತುಗಳು ಹೇಳದೆಯೇ ಶೇಂದಿ ಅಂಗಡಿಯ ಮುಂದೆ ನಿಲ್ಲುತ್ತಿದ್ದವು. ಅವಕ್ಕೆ ಅದೇ ಮನೆ ಎಂದು ರೂಢಿಯಾಗಿತ್ತು. ನೀಲವ್ವ ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟು ಬಾಗಿಲಲ್ಲಿ ಕೂತಿರುತ್ತಿದ್ದಳು. ಕಲ್ಲಪ್ಪ ಹೊಡೆಯುವವನಲ್ಲ, ಬೈಯುವವನಲ್ಲ. ಬರುತ್ತಿರಲಿಲ್ಲ, ಅಷ್ಟೆ. ಬಂದರೂ ಕಣ್ಣು ಮುಚ್ಚಿಕೊಂಡು ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಗೌರಿಗೆ ಅಪ್ಪನ ಬೆನ್ನು ಪರಿಚಯ, ಮುಖ ಪರಿಚಯವಿರಲಿಲ್ಲ.

ಮಹಾಯುದ್ಧದ ನಡುವಿನ ಒಂದು ಮಳೆಗಾಲದಲ್ಲಿ ಗೌರಿಗೆ ಜ್ವರ ಬಂತು. ಆಗ ಅವಳಿಗೆ ಐದು ವರ್ಷವಿರಬೇಕು. ಮೈ ಮುಟ್ಟಿದರೆ ಹಂಚು. ಕಣ್ಣು ಮೇಲೆ ಮಾಡಲು ಹತ್ತಿದಳು. ಆಸ್ಪತ್ರೆ ಊರೊಳಗೆ, ರಾಡಿಯಲ್ಲಿ ನಡೆದು ಹೋಗುವಂತಿಲ್ಲ, ಬಂಡಿ ಬೇಕು. ಬಂಡಿ ಎದುರಿಗೇ ನಿಂತಿತ್ತು, ಶೇಂದಿ ಅಂಗಡಿಯ ಮುಂದೆ. ನೀಲವ್ವ ತಟ್ಟಿಯ ಹೊರಗೆ ನಿಂತು ಕರೆದಳು. ‘ಬಂದೆ’ ಎಂದ ಒಳಗಿನಿಂದ. ಇನ್ನೊಮ್ಮೆ ಕರೆದಳು. ‘ಬಂದೆ ಅಂದ್ನೆಲ್ಲ’ ಎಂದ. ಯಾರೋ ಒಬ್ಬರು, ‘ಹೆಂಗಸರು ಹಿಂಗ ಅಂಗಡಿ ಮುಂದ ಬಂದು ನಿಲ್ಲಬಾರದ್ರಿ, ಮರ್ಯಾದಿ ಅಲ್ಲ’ ಎಂದರು. ಮರ್ಯಾದೆ ಅವರ ಬಾಯಿಂದ ಚುರಮರಿಯ ಜೊತೆಗೆ ಉದುರಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕೊನೆಗೆ ನಮ್ಮತ್ತೆಯೇ ತುಳಸಿ, ಮೆಣಸು ಹಾಕಿ ಕಷಾಯ ಕುದಿಸಿ ಕುಡಿಸಿದರು. ನೀಲವ್ವ ಒದ್ದೆ ಅರಿವೆ ಹಣೆಗೆ ಹಾಕುತ್ತ ಕೂತಳು. ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು, ಕೂಸು ಉಳಿಯಿತು. ಕಲ್ಲಪ್ಪ ಎದ್ದು, ‘ಏನಾಗಿತ್ತು?’ ಎಂದು ಕೇಳಿ ಬಂಡಿ ಹೂಡಿಕೊಂಡು ಹೋದ.

ಅಂದು ಬೆಳಿಗ್ಗೆ ನೀಲವ್ವ ಕಟ್ಟೆಗೆ ಹೋದಳು, ನ್ಯಾಯ ಕೇಳಲಿಕ್ಕೆ. ಕಟ್ಟೆಯ ಹಿರಿಯರೆಂದರೆ ಚನ್ನವೀರಪ್ಪನವರು. ಬಿಳಿ ರುಮಾಲು, ಬಿಳಿ ಮೀಸೆ, ಹಣೆಯ ತುಂಬ ವಿಭೂತಿ. ಊರಿಗೆಲ್ಲ ಬುದ್ಧಿ ಹೇಳುವುದೇ ಉದ್ಯೋಗ. ಹೊಲದ ಕೆಲಸವನ್ನು ತಮ್ಮ ಮಾಡುತ್ತಿದ್ದ. ಅವರ ಬಲಕ್ಕೆ ನಾಲ್ಕು ಜನ, ಎಡಕ್ಕೆ ನಾಲ್ಕು ಜನ, ಎಡಗಡೆಯ ಕೊನೆಗೆ ನಮ್ಮ ಯಜಮಾನರು. ನೀಲವ್ವ ಹೇಳಿದ್ದನ್ನೆಲ್ಲ ಕೇಳಿ ಚನ್ನವೀರಪ್ಪನವರು ಎಲೆ ಉಗುಳಿ ಗಂಟಲು ಸರಿ ಮಾಡಿಕೊಂಡರು.

‘ನೋಡವಾ, ತಪ್ಪು ನಿಂದೂ ಐತಿ. ಗಂಡ ಒಂದ ಕಡೆ, ಹೆಂಡತಿ ಒಂದ ಕಡೆ ಆದ್ರ ಸಂಸಾರ ಹ್ಯಾಂಗ ನಡದೀತು? ಗಂಡ ಎಲ್ಲಿರ್ತಾನ, ಹೆಂಡತಿ ಅಲ್ಲಿರಬೇಕು. ಅದ ಧರ್ಮ.’

ಎಡಗಡೆಯವರೂ ಬಲಗಡೆಯವರೂ ತಲೆಯಾಡಿಸಿದರು. ನಮ್ಮವರು ತುಸು ಹೆಚ್ಚೇ ಆಡಿಸಿದರು.

ನೀಲವ್ವ ಕೇಳಿದಳು, ‘ಖರೇನ್ರಿ ಅಜ್ಜಾರ? ಗಂಡ ಇದ್ದಲ್ಲಿ ನಾ ಇರಬೇಕ್ರಿ?’

‘ಇರಬೇಕು.’

‘ಇಷ್ಟು ಮಂದಿ ಮುಂದ ಹೇಳೀರಿ ಮತ್ತ.’

‘ಹೇಳೇನಿ ಹೋಗ. ಹೇಳಿದ ಮಾತು ಹಿಂದ ತಗೊಳ್ಳೂ ಮನಿಶ್ಯಾ ಅಲ್ಲ ನಾ.’

ಆ ಸಂಜೆ ದೀಪ ಹಚ್ಚುವುದಕ್ಕೂ ಮೊದಲೇ ನೀಲವ್ವ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ತಲೆಯ ಮೇಲೆ ಹಿಟ್ಟಿನ ಗಡಿಗೆ, ಅದರ ಮೇಲೆ ರೊಟ್ಟಿ ಹಂಚು. ಬಗಲಲ್ಲಿ ಕಂಬಳಿ ಹೊದ್ದ ಗೌರಿ. ಇನ್ನೊಂದು ಕೈಯಲ್ಲಿ ಕಟ್ಟಿಗೆಯ ಹೊರೆ.

‘ತಂಗೆವ್ವಾ, ಒಂದಿಷ್ಟು ಕೆಂಡ ಕೊಡು’ ಎಂದಳು.

‘ಎಲ್ಲಿಗೆ ಹೊಂಟೀರಿ ಅಕ್ಕಾ?’

‘ಮನಿಗೆ.’

ನಾನು ಒಡಕು ಗಡಿಗೆಯ ಚೂರಿನಲ್ಲಿ ಕೆಂಡ ಹಾಕಿ ಅವಳ ಹಿಂದೆ ಹೊರಟೆ. ಅವಳು ತನ್ನ ಮನೆಯ ಕಡೆ ತಿರುಗಲಿಲ್ಲ. ದಾರಿ ದಾಟಿದಳು. ಅಂಗಡಿಯಿಂದ ನಮ್ಮವರು ಕಣ್ಣು ಬಿಟ್ಟು, ‘ಏ, ನೀ ಎಲ್ಲಿ? ಒಳಗ ಬಾ. ಮಂದಿ ಏನಂದಾರು?’ ಎಂದರು. ‘ಮಂದಿ ಎಲ್ಲಾ ಆ ತಟ್ಟಿ ಹಿಂದ ಕುಂತಾರಲ್ರಿ, ಇನ್ನ ಅನ್ನಾಕ ಹೊರಗ ಯಾರದಾರ?’ ಎನ್ನಬೇಕಾಗಿತ್ತು. ಈ ಮಾತು ನನಗೆ ಹೊಳೆದದ್ದು ಮರುದಿನ ಪಾತ್ರೆ ತಿಕ್ಕುವಾಗ. ಆಗ ಮಾತ್ರ ಕೆಂಡದ ಚೂರನ್ನು ಶೇಂದಿ ಅಂಗಡಿಯ ಹೊಸ್ತಿಲಲ್ಲಿ ಇಟ್ಟು ಓಡಿ ಬಂದು ಕಿಟಕಿ ಹಿಡಿದೆ. ನನ್ನ ಧೈರ್ಯ ಅಷ್ಟೇ.

ಒಳಗೆ ‘ಧಡ್’ ಎಂದಿತು. ಹಂಚು ತೊಲೆಗೆ ಬಡಿದಿತ್ತು. ‘ಹೊಸಬ ಬಂದ!’ ಎಂದು ಎಲ್ಲರೂ ಕೂಗಿದರು. ಬಂದದ್ದು ಹೊಸಬಳು ಎಂದು ಕಂಡ ಮೇಲೆ ಕೂತಲ್ಲೇ ಧೋತರ ಸರಿಮಾಡಿಕೊಂಡರು.

ಹರಿದ ತಟ್ಟಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ನೀಲವ್ವ ಮೂಲೆಯಲ್ಲಿ ಗೌರಿಯನ್ನು ಮಲಗಿಸಿದಳು. ಮೂರು ಕಲ್ಲು ಕೂಡಿಸಿ ಒಲೆ ಹೂಡಿದಳು. ಮಳೆಗಾಲದ ಹಸಿ ಕಟ್ಟಿಗೆ, ಊದಿದಷ್ಟೂ ಹೊಗೆ. ಗಂಡಸರು ಕೆಮ್ಮಲು ಹತ್ತಿದರು. ಕಲ್ಲಪ್ಪ ಎದ್ದು ನಿಂತ.

‘ಏನ ಮಾಡಾಕತ್ತಿ?’

‘ರೊಟ್ಟಿ ಮಾಡಾಕತ್ತೇನಿ.’

‘ಹುಚ್ಚು ಹಿಡದೈತೇನು? ಮನಿಗೆ ನಡಿ.’

‘ಬಂದೇನಲ್ಲ. ನೀವು ಇರೂದು ಇಲ್ಲೆ. ಅಂದಮ್ಯಾಗ ಇದ ನಮ್ಮ ಮನಿ. ಕುಂತ್ಕೋರಿ, ಬಿಸಿಬಿಸಿ ಕೊಡ್ತೇನಿ.’

ಶೇಂದಿ ಗುತ್ತಿಗೆ ಹಿಡಿದ ಪರಸಪ್ಪ ಓಡಿ ಬಂದ. ‘ಏ ತಾಯಿ, ಇದು ಅಂಗಡಿ ಐತಿ, ಅಡಗಿಮನಿ ಅಲ್ಲ. ಎದ್ದೇಳವಾ.’

‘ಇವರ್ನ ಹೊರಗ ಹಾಕ್ರಿ ಯಣ್ಣಾ, ನಾನೂ ಹೊಕ್ಕೇನಿ. ಚನ್ನವೀರಪ್ಪಜ್ಜಾರು ಹೇಳ್ಯಾರ, ಗಂಡ ಇದ್ದಲ್ಲಿ ಹೆಂಡತಿ ಇರಬೇಕಂತ. ಕೇಳ್ರಿ ಬೇಕಾರ, ಇಲ್ಲಿರೂ ಮಂದೆಲ್ಲಾ ಮುಂಜಾನಿ ಕಟ್ಟಿ ಮ್ಯಾಲ ಇದ್ರು.’

ಕಲ್ಲಪ್ಪ ಅವನ ಖಾಯಂ ಗಿರಾಕಿ. ಹೊರಗೆ ಹಾಕಲು ಮನಸ್ಸು ಬರಲಿಲ್ಲ. ಕಲ್ಲಪ್ಪನಿಗೂ ಪೇಚಾಟ. ಎದ್ದು ಹೋದರೆ ಹೆಂಡತಿಗೆ ಸೋತಂತೆ, ಕೂತರೆ ಹೆಂಡತಿಯ ಕೈಯ ರೊಟ್ಟಿ ತಿಂದಂತೆ. ಗಂಡಸಾದವನು ಕೂತ. ಸಿಟ್ಟಿನಿಂದ ಕೂತ, ಸಿಟ್ಟಿನಿಂದಲೇ ಉಂಡ. ನೀಲವ್ವ ಆಮೇಲೆ ಗೌರಿಗೆ ಹಾಲಿನಲ್ಲಿ ರೊಟ್ಟಿ ಕಿವುಚಿ ತಿನ್ನಿಸಿ, ತಾನೂ ಉಂಡು, ಅಲ್ಲೇ ಚಾಪೆ ಹಾಸಿದಳು. ಪರಸಪ್ಪ ಎಂದಿಗಿಂತ ಬೇಗ ಎಲ್ಲರನ್ನೂ ಮನೆಗೆ ಕಳಿಸಿ ಬಾಗಿಲು ಹಾಕಿದ.

ಮರುದಿನವೂ ನೀಲವ್ವ ಬಂದಳು. ಅದರ ಮರುದಿನವೂ ಬಂದಳು. ಸಂಜೆಯಾದರೆ ಓಣಿಯ ಹೆಂಗಸರೆಲ್ಲ ಉಪ್ಪೋ ಬೆಲ್ಲವೋ ಕೊಳ್ಳುವ ನೆವದಿಂದ ನಮ್ಮ ಅಂಗಡಿಯ ಜಗಲಿಯಲ್ಲಿ ಸೇರತೊಡಗಿದರು. ನಾನು ಹಿಟ್ಟು ಕಳಿಸಿದೆ, ಒಬ್ಬರು ಉಪ್ಪಿನಕಾಯಿ ಕಳಿಸಿದರು, ಇನ್ನೊಬ್ಬರು ಒಣ ಕಟ್ಟಿಗೆ ಕಳಿಸಹೋದಾಗ ನಮ್ಮತ್ತೆ ತಡೆದರು. ‘ಹಸೀದ ಇರಲಿ, ಹೊಗಿ ಛಲೋ ಬರ್ತೈತಿ’ ಎಂದರು.

ಒಳಗೆ ನೀಲವ್ವ ಯಾರಿಗೂ ಒಂದು ಬಿರುಸು ಮಾತು ಆಡಲಿಲ್ಲ. ರೊಟ್ಟಿ ಬಡಿಯುತ್ತ ಮನೆಯವಳ ಹಾಗೆ ಎಲ್ಲರನ್ನೂ ಮಾತಾಡಿಸುತ್ತಿದ್ದಳು. ‘ಯಣ್ಣಾ, ವೈನಿ ಬಾಣಂತಿ ಅಂತಲ್ಲ, ಕೂಸಿಗೆ ಹಾಲು ಸಾಲತಾವೇನು?’ ‘ಮಾವಾರ, ಅತ್ತಿ ಕಣ್ಣಿಗೆ ಪರದಿ ಬಂದೈತಂತ, ಸಂಜಿಮುಂದ ಅವರ ಕೈ ಹಿಡಿಯೋರು ಯಾರ್ರೀ?’ ಕೇಳಿದವಳ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಕೇಳಿಸಿಕೊಂಡವನ ಗಂಟಲಲ್ಲಿ ಶೇಂದಿ ಇಳಿಯುತ್ತಿರಲಿಲ್ಲ. ಹೆಂಗಸಿನ ಮುಂದೆ ಹೊಲಸು ಮಾತಾಡುವಂತಿಲ್ಲ, ಕೂಸು ಮಲಗಿದೆ ಎಂದು ಗದ್ದಲ ಮಾಡುವಂತಿಲ್ಲ. ಹೊಲಸು ಮಾತೂ ಗದ್ದಲವೂ ಇಲ್ಲದ ಮೇಲೆ ಆ ಮಹನೀಯರಿಗೆ ಅಲ್ಲಿ ಆಡಲು ಏನೂ ಉಳಿದಿರಲಿಲ್ಲ. ಒಬ್ಬ ಬಿಸಿ ರೊಟ್ಟಿಯ ವಾಸನೆಗೆ ಬಾಯಿ ಬಿಟ್ಟು, ‘ನನಗೂ ಒಂದು ಕೊಡವಾ’ ಎಂದನಂತೆ. ‘ನಿಮ್ಮ ಮನ್ಯಾಗೂ ಕಾಯಾಕತ್ತಾವ್ರಿ ರೊಟ್ಟಿ’ ಎಂದಳಂತೆ. ದಿನದಿಂದ ದಿನಕ್ಕೆ ಗಿರಾಕಿ ಕಡಿಮೆಯಾಯಿತು.

ಆಗ ಓಣಿಯ ಮಾನಕ್ಕೆ ಧಕ್ಕೆ ಬಂತು. ಗಂಡಸರು ಕುಡಿಯುತ್ತಿದ್ದಾಗ ಬಾರದ ಧಕ್ಕೆ ಹೆಂಗಸು ರೊಟ್ಟಿ ಬಡಿದಾಗ ಬಂತು. ಪರಸಪ್ಪನೂ ಗಿರಾಕಿಗಳೂ ಕೂಡಿ ಕಟ್ಟೆಗೆ ಹೋಗಿ ಗೋಳು ತೋಡಿಕೊಂಡರು. ಚನ್ನವೀರಪ್ಪನವರು, ‘ನಾ ಹೋಗಿ ಎಬ್ಬಿಸಿ ಕಳಸ್ತೇನಿ’ ಎಂದು ಸಂಜೆಗೆ ರುಮಾಲು ಸುತ್ತಿಕೊಂಡು ಬಂದರು. ಹಿಂದೆ ಕಟ್ಟೆಯೇ ಬಂತು, ನಮ್ಮವರೂ ಇದ್ದರು. ನಮ್ಮ ಜಗಲಿ ಹೆಂಗಸರಿಂದ ತುಂಬಿತ್ತು.

ಚನ್ನವೀರಪ್ಪನವರು ದಾರಿಯಲ್ಲಿ ನಿಂತು ಕೂಗಿದರು. ‘ಏ ನೀಲವ್ವ! ಹೊರಗ ಬಾ. ನಾ ಇಂಥಾ ಜಾಗದಾಗ ಕಾಲಿಡೂ ಮನಿಶ್ಯಾ ಅಲ್ಲ.’

‘ಹಂಚಿನ ಮ್ಯಾಲ ರೊಟ್ಟಿ ಐತ್ರಿ ಅಜ್ಜಾರ, ಹೊತ್ತತೈತಿ. ನೀವ ಒಳಗ ಬರ್ರಿ’ ಎಂದಳು ಒಳಗಿನಿಂದ.

ಹೊರಗೆ ಇಷ್ಟು ಜನ. ಹಿಂದೆ ಸರಿಯುವಂತಿಲ್ಲ. ‘ಶಿವಶಿವಾ, ಈ ವಯಸ್ಸಿನ್ಯಾಗ ಇದೂ ಬಂತು’ ಎಂದುಕೊಂಡು, ಮೂಗಿಗೆ ಶಲ್ಯ ಹಿಡಿದು ಚನ್ನವೀರಪ್ಪನವರು ಆ ಕತ್ತಲೆಯ ಸಂದಿಯೊಳಗೆ ನುಗ್ಗಿದರು. ನಾವೆಲ್ಲ ‘ಧಡ್’ ಎನ್ನುವುದಕ್ಕೆ ಕಿವಿಗೊಟ್ಟೆವು. ಒಳಗಿನವರೂ ಕಿವಿಗೊಟ್ಟಿರಬೇಕು.

ಸದ್ದೇ ಆಗಲಿಲ್ಲ. ಕತ್ತಲೆಯಲ್ಲಿ, ಶಲ್ಯದಿಂದ ಅರ್ಧ ಮುಖ ಮುಚ್ಚಿಕೊಂಡು, ಸಿಟ್ಟಿನ ಭರದಲ್ಲಿದ್ದ ಹಿರಿಯರು ಸರಿಯಾದ ಜಾಗದಲ್ಲಿ ರುಮಾಲು ಸಮೇತ ಬಗ್ಗಿ, ಸರಿಯಾದ ಜಾಗದಲ್ಲಿ ತಲೆಯೆತ್ತಿ, ನೆಟ್ಟಗೆ ಒಲೆಯ ಮುಂದೆ ಬಂದು ನಿಂತರು.

ನೀಲವ್ವ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ತಲೆಯೆತ್ತಿ ನೋಡಿದಳು. ‘ಹೊಸಬರಿಗೆ ಅಲ್ಲಿ ತಲಿ ಬಡಿತೈತ್ರಿ ಅಜ್ಜಾರ’ ಎಂದಳು. ‘ನಿಮಗ ಬಡೀಲಿಲ್ಲ.’

ಅಷ್ಟೇ. ಒಳಗಿದ್ದವರು ನೆಲ ನೋಡಿದರು. ಹೊರಗೆ ನಮ್ಮತ್ತೆ ಮೊದಲು ನಕ್ಕರು. ಹಲ್ಲಿಲ್ಲದ ಬಾಯಿ, ಸೆರಗೂ ಅಡ್ಡ ಹಿಡಿಯದೆ ನಕ್ಕರು. ಆಮೇಲೆ ಇಡೀ ಜಗಲಿ ನಕ್ಕಿತು. ಚನ್ನವೀರಪ್ಪನವರು ಬಂದಷ್ಟೇ ಚೆಂದವಾಗಿ ಬಗ್ಗಿ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು. ಮುಂದೆ ಬಹಳ ದಿನ ಅವರಿಗೆ ಮೊಣಕಾಲು ನೋವಿದ್ದುದರಿಂದ ಕಟ್ಟೆಗೆ ಬರಲಾಗಲಿಲ್ಲವೆಂದು ನಮ್ಮವರು ಹೇಳಿದರು.

ಮರುದಿನ ಸಂಜೆ ನೀಲವ್ವ ಎಂದಿನಂತೆ ಹಂಚು, ಹಿಟ್ಟು, ಕೂಸು ಹೊತ್ತುಕೊಂಡು ದಾರಿಯಲ್ಲಿ ನಿಂತಿದ್ದಳು. ಬಂಡಿ ಬಂತು. ಎತ್ತುಗಳು ಶೇಂದಿ ಅಂಗಡಿಯ ಮುಂದೆ ನಿಂತವು. ಕಲ್ಲಪ್ಪ ಕೆಳಗಿಳಿದ. ಎತ್ತಿನ ಮೂಗುದಾಣ ಹಿಡಿದು, ಜಗ್ಗಿ, ಅವು ಒಲ್ಲೆ ಒಲ್ಲೆ ಎನ್ನುತ್ತಿದ್ದರೂ ಬಿಡದೆ ಮುಂದಕ್ಕೆ ಎಳೆದುಕೊಂಡು ತನ್ನ ಮನೆಯ ಕಡೆ ನಡೆದ. ಹೆಂಡತಿಯನ್ನು ನೋಡಲಿಲ್ಲ, ನಮ್ಮ ಜಗಲಿಯನ್ನೂ ನೋಡಲಿಲ್ಲ. ನೀಲವ್ವ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಳು. ಆಮೇಲೆ ತಲೆಯ ಮೇಲಿನ ಗಡಿಗೆ ಅಲುಗದ ಹಾಗೆ ತಿರುಗಿ ಬಂಡಿಯ ಹಿಂದೆ ಹೋದಳು.

ಇನ್ನು ಕೇಳಬೇಕೆ? ಓಣಿಯ ಗಂಡಸರಿಗೆಲ್ಲ ಮಾತು ಮರಳಿ ಬಂತು. ಕಲ್ಲಪ್ಪನನ್ನು ತಾನೇ ಬರಬೇಡವೆಂದು ಗದರಿಸಿದ್ದಾಗಿ ಪರಸಪ್ಪ ಹೇಳಿದ. ತನ್ನ ಅಂಗಡಿಯ ರುಚಿ ಹತ್ತಿದ್ದರಿಂದಲೇ ಶೇಂದಿ ಬಿಟ್ಟಿತೆಂದು ಚಹಾದಂಗಡಿಯವನು ಹೇಳಿದ. ಮೊಣಕಾಲು ನೆಟ್ಟಗಾಗಿ ಕಟ್ಟೆಗೆ ಮರಳಿದ ಚನ್ನವೀರಪ್ಪನವರಂತೂ, ‘ಗಂಡ ಇದ್ದಲ್ಲಿ ಹೆಂಡತಿ ಇರಬೇಕಂತ ಆವತ್ತ ಹೇಳಿದ್ದು ಯಾರು?’ ಎಂದು ಮೀಸೆ ತಿರುವಿದರು. ನಮ್ಮವರು ತಮ್ಮ ಪಾಲನ್ನೂ ಬಿಡಲಿಲ್ಲ. ಹಿಟ್ಟು ನಮ್ಮ ಅಂಗಡಿಯದಲ್ಲವೇ?

ಹೆಂಗಸರ ಬಗ್ಗೆಯೂ ಹೇಳಿಬಿಡುತ್ತೇನೆ. ಜಗಲಿಯ ಮೇಲೆ ಅಷ್ಟು ನಕ್ಕೆವಲ್ಲ, ನಮ್ಮಲ್ಲಿ ಅರ್ಧ ಜನರ ಗಂಡಂದಿರು ತಟ್ಟಿಯ ಹಿಂದೆ ಇದ್ದವರೇ. ಒಬ್ಬಳಾದರೂ ಹಂಚು ಹೊತ್ತುಕೊಂಡು ಹೊರಟಳೇ? ಇಲ್ಲ. ಎಲ್ಲರೂ ಮನೆಗೆ ಹೋಗಿ ರೊಟ್ಟಿ ಬಡಿದು ಮುಚ್ಚಿಟ್ಟು ಬಾಗಿಲಲ್ಲಿ ಕೂತೆವು. ಪರಸಪ್ಪನ ವ್ಯಾಪಾರ ಶ್ರಾವಣ ಮುಗಿಯುವುದರೊಳಗೆ ಮೊದಲಿನಂತಾಯಿತು. ಮುಂದೆ ದಾರೂಬಂದಿ ಬಂದು ಸರಕಾರವೇ ಅಂಗಡಿ ಮುಚ್ಚಿಸುವ ತನಕ ನಡೆಯಿತು. ಮುಚ್ಚಿದ ದಿನ ಅದರ ಮುಂದೆ ನಿಂತು ಕಣ್ಣೊರೆಸಿಕೊಂಡವರ ಪೈಕಿ ಕೆಲವರು ಮಾರನೆಯ ದಿನ ಕಟ್ಟೆಯ ಮೇಲೆ ಸರಕಾರವನ್ನು ಹೊಗಳಿದರು.

ಕಲ್ಲಪ್ಪ ಸಾಧುವಾದನೆಂದು ಹೇಳಲಾರೆ. ಸವಣೂರ ದಾರಿಯಲ್ಲಿ ಎಲ್ಲೋ ಹಬ್ಬ ಹುಣ್ಣಿಮೆಗೆ ಬಾಯಿ ಒದ್ದೆ ಮಾಡಿಕೊಳ್ಳುತ್ತಿದ್ದನಂತೆ. ಆದರೆ ಸಂಜೆ ಮನೆಯಲ್ಲಿರುತ್ತಿದ್ದ. ಮೊದಮೊದಲು ಅವನನ್ನು ನೋಡಿದರೆ ಕನಿಕರ ಬರುತ್ತಿತ್ತು. ತನ್ನದೇ ಮನೆಯಲ್ಲಿ ನೀರಿನ ಕೊಡ ಎಲ್ಲಿದೆ ಎಂದು ಹುಡುಕುವ ಮನುಷ್ಯ. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಅಂಗಳದಲ್ಲಿ ಕೂತು ಎತ್ತಿನ ಮೈ ಉಜ್ಜಿದ್ದೇ ಉಜ್ಜಿದ್ದು.

ಒಮ್ಮೆ ಬಾವಿಯಲ್ಲಿ ನಾವಿಬ್ಬರೇ ಇದ್ದಾಗ ನಾನು ನೀಲವ್ವನನ್ನು ಕೇಳಿದೆ. ಎರಡು ಮೂರು ವರ್ಷ ಆಗಿತ್ತೇನೋ. ‘ಅಕ್ಕಾ, ಖರೇ ಹೇಳ್ರಿ, ಅವರು ಯಾಕ ಬಿಟ್ರು? ಹೊಗಿಗೋ, ನಾಚಿಕಿಗೋ?’

ನೀಲವ್ವ ಹಗ್ಗ ಸೇದುತ್ತಿದ್ದವಳು ನಿಲ್ಲಿಸಲಿಲ್ಲ. ‘ಯಾವುದಕ್ಕೂ ಅಲ್ಲ ತಂಗೆವ್ವಾ. ಚನ್ನವೀರಪ್ಪಜ್ಜ ಬಂದು ಹೋದ ಮ್ಯಾಲ ಎಲ್ಲಾರೂ ಎದ್ದು ಹೋದ್ರು. ನಾವು ಮೂರ ಮಂದಿ ಉಳದ್ವಿ. ಇವರು ಉಂಡು ಕೈ ತೊಳಕೊಂಡ್ರು. ನಾ ಚಾಪಿ ಸುತ್ತಾಕತ್ತಿದ್ದೆ, ಗೌರಿ ಅಳಾಕ ಹತ್ತಿದ್ಲು. ಯಾಕಬೇ ಅಂದ್ರ, ‘ಹಳೀ ಮನಿಗೆ ಹೋಗೂದು ಬ್ಯಾಡವ್ವಾ. ಈ ಮನ್ಯಾಗ ಅಪ್ಪ ಇರ್ತಾನ’ ಅಂದ್ಲು.’

ಕೊಡ ಮೇಲೆ ಬಂತು. ಅವಳು ಅದನ್ನು ದಂಡೆಗಿಟ್ಟಳು.

‘ಇವರು ಕೇಳಿಸ್ಕೊಂಡ್ರು. ಅಕಿನ್ನ ಎತ್ತಿ ಹೆಗಲ ಮ್ಯಾಲ ಹಾಕ್ಕೊಂಡು ನಡದ್ರು.’ ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಈಗ ದಿನಾ ಮನ್ಯಾಗ ಇರ್ತಾರ. ನಮಗಿಬ್ಬರಿಗೂ ಮಾತು ಭಾಳ ಇಲ್ಲ ತಂಗಿ, ರೂಢಿ ಇಲ್ಲಲ್ಲ. ಅಕಿ ಮಾತಾಡ್ತಾಳ, ನಾವು ಕೇಳ್ತೇವಿ.’

ಕೊಡ ಹೊತ್ತುಕೊಂಡು ಅವಳು ಹೋದಳು. ನಾನು ಮನೆಗೆ ಬಂದು ಈ ಮಾತನ್ನು ನಮ್ಮವರಿಗೆ ಹೇಳಿದೆ. ಅವರು ತಕ್ಕಡಿ ಒರೆಸುತ್ತಿದ್ದರು. ‘ಹೂಂ’ ಎಂದರು. ಯಾವ ಮಾತಿಗೂ ತಮ್ಮದೊಂದು ಮಾತು ಸೇರಿಸದೆ ಬಿಡದ ಮನುಷ್ಯ ಒರೆಸಿದ ತಕ್ಕಡಿಯನ್ನೇ ಮತ್ತೊಮ್ಮೆ ಒರೆಸಿದರು.

ಮರುದಿನ ಸಂಜೆ ಅಂಗಡಿಯ ಹಲಗೆಗಳನ್ನು ಬೇಗ ಹಾಕಿ ಅವರು ಅಡುಗೆಮನೆಗೆ ಬಂದು ಕೂತರು. ಸರಿಯಾಗಿ ನನಗೆ ಅಡ್ಡವಾಗುವ ಜಾಗದಲ್ಲಿ, ಒಲೆಗೂ ಹಿಟ್ಟಿಗೂ ನಡುವೆ. ಒಮ್ಮೆ ಸರಿಯಿರಿ ಎಂದೆ, ಸರಿದರು. ಸರಿದ ಜಾಗ ಇನ್ನೂ ಅಡ್ಡ. ‘ಏನ ಮಾಡಾಕತ್ತಿ?’ ಎಂದು ಕೇಳಿದರು. ಹನ್ನೆರಡು ಹದಿಮೂರು ವರ್ಷ ಈ ಮನುಷ್ಯನಿಗೆ ರೊಟ್ಟಿ ಬಡಿದು ಹಾಕಿದವಳು ನಾನು. ಕಂಡರೂ ಕೇಳುತ್ತಾರಲ್ಲ ಎಂದು ಸಿಟ್ಟು ಬಂತು.

‘ಇವತ್ತ ತಟ್ಟಿ ಹಿಂದ ಎಲ್ಲಾ ಖಾಲಿ ಐತೇನ್ರಿ?’ ಎಂದೆ.

‘ಇಲ್ಲ, ತುಂಬೈತಿ’ ಎಂದರು. ಎದ್ದು ಹೋಗಲಿಲ್ಲ.